ಹನ್ನೆರಡನೇ ತಿಂಗಳು

ಸತ್ತವರನ್ನು ಹೊಗಳುವ ಕೆಲಸ ನಮ್ಮ ಕಾರ್ಖಾನೆಯಲ್ಲಿ ನನ್ನದಾಗಿತ್ತು. ನಾನು ಹಾಜರಿ ಬರೆಯುವ ಟೈಂ ಆಫೀಸಿನ ಗುಮಾಸ್ತ, ಅಕ್ಷರ ದುಂಡಗೆ, ಮೇಲಾಗಿ ಜಾಲಹಳ್ಳಿಯಲ್ಲೇ ಹುಟ್ಟಿ ಬೆಳೆದವನು. ಯಾರೇ ತೀರಿಕೊಳ್ಳಲಿ, ಆನಂದಪ್ಪನವರ ಕೈಲಿ ನಾಲ್ಕು ಸಾಲು ಬರೆಸಿ ಎನ್ನುತ್ತಿದ್ದರು. ೧೯೬೧ರಲ್ಲಿ ಪಕ್ಕದ ಕ್ವಾರ್ಟರ್ಸಿನ ಫೋರ್‌ಮನ್ ಎದೆನೋವು ಬಂದು ಹೋದಾಗಲೂ ಬರೆದೆ: ಮೃದುಭಾಷಿ, ಕುಟುಂಬವತ್ಸಲ.

ಎರಡು ಮನೆಗಳ ನಡುವೆ ಇದ್ದದ್ದು ಒಂದೇ ಇಟ್ಟಿಗೆಯ ಗೋಡೆ. ಆ ಮೃದುಭಾಷಿ ತನ್ನ ಹೆಂಡತಿ ಮಲ್ಕಾಬಾಯಿಯನ್ನು ಹೊಡೆಯುವ ಸದ್ದು ಆರು ವರ್ಷ ನಮ್ಮ ಅಡುಗೆಮನೆಗೆ ಬರುತ್ತಿತ್ತು. ಹೋಗಿ ಕೇಳಿಬರುತ್ತೇನೆ ಎಂದು ನನ್ನ ಹೆಂಡತಿ ದ್ರೌಪದಮ್ಮ ಏಳುವಳು. ಗಂಡ ಹೆಂಡಿರ ವಿಷಯ ನಮಗ್ಯಾಕೆ ಎಂದು ನಾನು ಕೂರಿಸುವೆ. ದೊಡ್ಡ ಮನುಷ್ಯರ ಲಕ್ಷಣ ಅದೇ ಎಂದುಕೊಂಡಿದ್ದೆ.

ಅವರು ಬೊಂಬಾಯಿ ಕಡೆಯ ಯಹೂದಿಗಳು. ಮನೆಯಲ್ಲಿ ಮರಾಠಿ, ದೇವರ ಮುಂದೆ ಹೀಬ್ರೂ. ಸತ್ತ ತಂದೆಗಾಗಿ ಮಗ ಒಂದು ಪ್ರಾರ್ಥನೆ ಹೇಳಬೇಕಂತೆ, ಅದಕ್ಕೆ ಅವರ ಪೈಕಿ ಹತ್ತು ಜನ ಗಂಡಸರು ಸೇರಬೇಕಂತೆ. ಜಾಲಹಳ್ಳಿಯಲ್ಲಿ ಹತ್ತು ಯಹೂದಿಗಳನ್ನು ಎಲ್ಲಿಂದ ತರುವುದು? ಬೆಂಗಳೂರು ಕಂಟೋನ್ಮೆಂಟಿನ, ಅಂದರೆ ದಂಡಿನ ಕಡೆ, ಒಬ್ಬ ವರ್ತಕರ ಮನೆಯಲ್ಲಿ ವಾರಕ್ಕೊಮ್ಮೆ ಹಾಗೂ ಹೀಗೂ ಅಷ್ಟು ಮಂದಿ ಕೂಡುತ್ತಿದ್ದರು. ನಮ್ಮಲ್ಲೇ ಫಿಟ್ಟರ್ ಆಗಿದ್ದ ಮಗ ಶುಕ್ರವಾರ ಪಾಳಿ ಮುಗಿಸಿ ಬಸ್ಸು ಹತ್ತಿದರೆ ಶನಿವಾರ ಕಳೆದ ಮೇಲೇ ಬರುತ್ತಿದ್ದ.

ನಾನು ಕೆದಕಿ ಕೆದಕಿ ಅವನಿಂದ ಎಲ್ಲ ತಿಳಿದುಕೊಂಡೆ. ಅವರ ನರಕದಲ್ಲಿ ಎಂಥ ಕೆಟ್ಟವನಿಗೂ ಸಾಮಾನ್ಯವಾಗಿ ಹನ್ನೆರಡೇ ತಿಂಗಳು. ಅಲ್ಲಿರುವಷ್ಟು ದಿನ ಶಿಕ್ಷೆ ಹಗುರಾಗಲಿ ಎಂದೇ ಮಗನ ಪ್ರಾರ್ಥನೆ. ಶನಿವಾರ ಅವರ ವಿಶ್ರಾಂತಿಯ ದಿನ, ಅಲ್ಲಿನ ಬೆಂಕಿಗೂ ರಜೆ. ಕಾರ್ಖಾನೆಗಿಂತ ನಿಮ್ಮ ನರಕದ ಆಡಳಿತವೇ ವಾಸಿ ಕಣಪ್ಪ ಎಂದೆ. ಇನ್ನೊಂದು ಸ್ವಾರಸ್ಯವೆಂದರೆ, ಮಕ್ಕಳು ಹನ್ನೊಂದೇ ತಿಂಗಳಿಗೆ ಪ್ರಾರ್ಥನೆ ನಿಲ್ಲಿಸುತ್ತಾರೆ. ಹನ್ನೆರಡೂ ಹೇಳಿದರೆ ನಮ್ಮಪ್ಪ ಪೂರ್ತಿ ಶಿಕ್ಷೆಗೆ ತಕ್ಕ ಪಾಪಿ ಎಂದು ಮಗನೇ ಒಪ್ಪಿಕೊಂಡ ಹಾಗಲ್ಲವೇ? ಸತ್ತವರ ಗತಿಗಿಂತ ಇದ್ದವರ ಮರ್ಯಾದೆ ಮುಖ್ಯ. ಈ ವಿಷಯದಲ್ಲಿ ಅವರೂ ನಮ್ಮವರೇ ಎನ್ನಿಸಿ ನನಗೆ ಖುಷಿಯಾಯಿತು.

ಹನ್ನೊಂದು ತಿಂಗಳು ತುಂಬಿದ ವಾರ, ಒಂದು ಮಧ್ಯಾಹ್ನ ಮಗ ಬಂದು ನನ್ನನ್ನು ಅವರ ಮನೆಗೆ ಕರೆದುಕೊಂಡು ಹೋದ. ಮಲ್ಕಾಬಾಯಿ ಅಕ್ಕಿ ಆರಿಸುತ್ತಾ ಕೂತಿದ್ದರು. ಇನ್ನೊಂದು ತಿಂಗಳು ಹೇಳಲೇಬೇಕು ಎಂದು ಅವರದು ಒಂದೇ ಹಟ. ಹತ್ತು ಜನರ ಮುಂದೆ ಅಪ್ಪನ ಮಾನ ಕಳೆಯಲಾ ಎಂದು ಮಗ ಕುದಿಯುತ್ತಿದ್ದ. ಅದೇ ಮನೆಯಲ್ಲಿ ಎಲ್ಲವನ್ನೂ ಕಂಡವನು ಅವನು. ಆದರೂ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ ನನ್ನ ಸಂತಾಪದ ಸಾಲುಗಳನ್ನು ತೋರಿಸಿ, ಪಕ್ಕದ ಮನೆಯವರೇ ಬರೆದಿದ್ದಾರೆ, ಇದಕ್ಕಿಂತ ಸಾಕ್ಷಿ ಬೇಕಾ ಎಂದು ತಾಯಿಯನ್ನು ಕೇಳಿದ.

ಮಲ್ಕಾಬಾಯಿ ಮೊರ ಪಕ್ಕಕ್ಕಿಟ್ಟರು.

"ಅವರು ಎಂಥವರು ಅಂತ ದೇವರಿಗೂ ಗೊತ್ತು, ನನಗೂ ಗೊತ್ತು. ನೀನು ಈಗ ನಿಲ್ಲಿಸಿದ್ರೆ ಆ ಕೊನೇ ತಿಂಗಳು ಅವರಿಗೆ ಅಂತ ಯಾರೂ ಇರಲ್ಲ. ಒಬ್ಬರೇ ಆಗಿಬಿಡ್ತಾರೆ."

ಏಟು ತಿಂದ ಹೆಂಗಸು ಏಟು ಕೊಟ್ಟವನ ಒಂಟಿತನಕ್ಕೆ ಮರುಗುವುದನ್ನು ಕಂಡು ನನಗೆ ಸಿಟ್ಟು ಬಂತು. ಆಮೇಲೆ ನಾಚಿಕೆಯಾಯಿತು. ಅಷ್ಟರಲ್ಲಿ ಅವರು ನನ್ನ ಕಡೆ ತಿರುಗಿ, ನೀವು ಬರೆದದ್ದು ನಿಜವೇ ಎಂದು ಕೇಳಿದರು. ಹೂಂ ಎಂದರೆ ಮಗ ಗೆಲ್ಲುತ್ತಿದ್ದ, ನನ್ನ ನಾಲ್ಕು ಸಾಲೂ ಉಳಿಯುತ್ತಿದ್ದವು. ಆ ಮನುಷ್ಯನ ಪಾಲಿನ ಪ್ರಾರ್ಥನೆ ಮಾತ್ರ ಅಲ್ಲಿಗೇ ಮುಗಿಯುತ್ತಿತ್ತು.

"ಇಲ್ಲಮ್ಮ," ಎಂದೆ. "ನಮ್ಮನೆಗೆ ಎಲ್ಲಾ ಕೇಳಿಸ್ತಿತ್ತು."

ಮಗ ತಲೆ ತಗ್ಗಿಸಿದ. ನಿಜ ಹೇಳಿದ ದೊಡ್ಡಸ್ತಿಕೆಗೆ ನಾನು ಒಳಗೊಳಗೇ ಬೀಗುವಷ್ಟರಲ್ಲಿ ಮಲ್ಕಾಬಾಯಿ, ಸಿಟ್ಟಿಲ್ಲದೆ, ನಿಜಕ್ಕೂ ತಿಳಿದುಕೊಳ್ಳಬೇಕೆನ್ನುವವರ ಹಾಗೆ ನನ್ನನ್ನು ನೋಡಿದರು.

"ಕೇಳಿಸ್ತಿತ್ತಾ? ಮತ್ತೆ ಒಂದು ದಿನಾನೂ ಬರ್ಲಿಲ್ವಲ್ಲ."

ನಾನು ಗೋಡೆಯ ಮೇಲಿನ ನನ್ನ ದುಂಡನೆಯ ಅಕ್ಷರಗಳನ್ನೇ ನೋಡುತ್ತಾ ನಿಂತೆ.

ಆ ಶುಕ್ರವಾರ ಮಗ ಹನ್ನೆರಡನೇ ತಿಂಗಳ ಪ್ರಾರ್ಥನೆಗೆ ದಂಡಿಗೆ ಹೊರಟ. ಬಸ್ ಸ್ಟಾಪಿನವರೆಗೆ ನಾನೂ ಅವನ ಜೊತೆ ನಡೆದೆ. ದಾರಿಯುದ್ದಕ್ಕೂ ಏನೇನೋ ಹರಟಿ, ಬಸ್ಸು ಕಂಡ ಮೇಲೆ, ಆ ಪ್ರಾರ್ಥನೆಯಲ್ಲಿ ನನ್ನ ಹೆಸರನ್ನೂ ಒಂದು ಸಲ ಸೇರಿಸಿಕೊಂಡುಬಿಡಪ್ಪ ಎಂದೆ. ತಮಾಷೆಗಲ್ಲ, ಬೇಡಿಕೊಂಡೆ.

"ಅದು ಸತ್ತವ್ರಿಗೆ ಸಾರ್," ಎಂದು ಅವನು ಬಸ್ಸಿನ ಕಂಬಿ ಹಿಡಿದ. "ಬದುಕಿರೋವ್ರು ಯಾರಿಗೆ ತಪ್ಪು ಮಾಡಿದ್ರೋ ಅವ್ರನ್ನೇ ಕ್ಷಮೆ ಕೇಳ್ಕೋಬೇಕು. ಅಮ್ಮ ಮನೇಲೇ ಇದ್ದಾರೆ."