ಜಲೀಲನ ಅತ್ತೆ ಊರು ನೋಡಿದ್ದು

ಮದುವೆಯಾಗಿ ಹನ್ನೆರಡು ವರ್ಷವಾಗಿದ್ದರೂ ಜಲೀಲ್ ತನ್ನ ಅತ್ತೆ ಲಲ್ಲಾ ಬತೂಲ್ ಜೊತೆ ಐದು ನಿಮಿಷ ನೆಟ್ಟಗೆ ಮಾತಾಡಿದವನಲ್ಲ. ಅತ್ತೆ ಮೌನಿಯೆಂದಲ್ಲ, ಇವನ ಸರದಿ ಬರುತ್ತಿರಲಿಲ್ಲ. ಅಷ್ಟಕ್ಕೂ ಅವನೇನು ಮಾತು ಬಾರದವನೇ? ಫೆಸ್ ನಗರದ ಹಳೇ ಪೇಟೆಯಲ್ಲಿ ಹದಿನೈದು ವರ್ಷದಿಂದ ಗೈಡ್. ಕೊರಳಲ್ಲಿ ಸರ್ಕಾರದ ಬಿಲ್ಲೆ ನೇತುಹಾಕಿಕೊಂಡು, ಕೈಯಲ್ಲಿ ಮಡಿಚಿದ ಛತ್ರಿ ಎತ್ತಿ ಹಿಡಿದು ಹೊರಟನೆಂದರೆ ಮಧ್ಯಾಹ್ನದವರೆಗೆ ಬಾಯಿ ಮುಚ್ಚುವವನಲ್ಲ. ಅವನ ಬಾಯಿ ಮುಚ್ಚುವುದು ಮಾವನ ಮನೆಯ ಹೊಸ್ತಿಲಲ್ಲಿ ಮಾತ್ರ.

ಆ ವರ್ಷ ಅಕ್ಟೋಬರಿನಲ್ಲಿ ಅತ್ತೆಗೆ ಮಂಡಿಯ ಶಸ್ತ್ರಚಿಕಿತ್ಸೆ ಆಯಿತು. ಚೇತರಿಸಿಕೊಂಡ ಮೇಲೆ ದಿನಾ ಎರಡು ಗಂಟೆ ನಡೆಯಬೇಕೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ಜಲೀಲನ ಹೆಂಡತಿ ವಫಾ ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಅವಳು ಈ ಸಮಸ್ಯೆಯನ್ನು ಒಂದು ಸಂಜೆ ಸೊಪ್ಪು ಬಿಡಿಸುತ್ತಾ ಬಿಡಿಸಿಬಿಟ್ಟಳು.

"ನೀನು ಹೇಗೂ ದಿನಾ ಊರೆಲ್ಲ ಸುತ್ತುತೀಯಲ್ಲ, ಅಮ್ಮನ್ನೂ ಕರ್ಕೊಂಡು ಹೋಗು."

"ನಾನು ಸುತ್ತೋದಲ್ಲ ವಫಾ, ಕೆಲಸ ಮಾಡೋದು."

"ಸರಿ, ಅಮ್ಮನೂ ಕೆಲಸ ಅಂದ್ಕೊಂಡೇ ನಡೀತಾಳೆ."

ಜಲೀಲ್ ಮಾರನೇ ದಿನ ಅತ್ತೆಯ ಮುಂದೆ ಕೂತು, ಧೈರ್ಯ ತಂದುಕೊಂಡು ಒಂದು ಷರತ್ತು ಹಾಕಿದ. "ಅತ್ತೆ, ಅಲ್ಲಿ ಮಾತಾಡೋನು ನಾನೊಬ್ಬನೇ. ದಯವಿಟ್ಟು."

"ಮಾತಾಡಿ ಅಳಿಯಂದಿರೆ, ಧಾರಾಳವಾಗಿ ಮಾತಾಡಿ. ನಂಗೇನು ಫ್ರೆಂಚ್ ಬರುತ್ತಾ? ಎಪ್ಪತ್ತೊಂದು ವರ್ಷ ಇದೇ ಓಣಿಗಳಲ್ಲಿ ಓಡಾಡಿದೀನಿ, ಅಷ್ಟು ದೂರದಿಂದ ಬಂದು ನೋಡೋಂಥದ್ದು ಇಲ್ಲೇನಿದೆ ಅಂತ ನಾನೂ ಒಂದ್ಸಲ ನೋಡ್ಬೇಕು."

ಬುಧವಾರ ಬೆಳಿಗ್ಗೆ ನೀಲಿ ಹೆಬ್ಬಾಗಿಲ ಬಳಿ ಆರು ಜನ ಪ್ರವಾಸಿಗರು ಸೇರಿದ್ದರು. ಇಬ್ಬರು ನರ್ಸ್ ಅಕ್ಕತಂಗಿಯರು. ಇಬ್ಬರು ಅಕ್ಕಪಕ್ಕ ನಡೆಯಲು ಜಾಗವೇ ಇಲ್ಲದ ಓಣಿಯಲ್ಲೂ ಕೈ ಬಿಡದ ಹೊಸ ಗಂಡಹೆಂಡತಿ. ಬೆಲ್ಜಿಯಮ್ಮಿನ ನಿವೃತ್ತ ಚರಿತ್ರೆ ಮೇಷ್ಟ್ರು ಗಾಸ್ಪಾರ್. ಮತ್ತೆ ಲಿಯೋನ್ ಕಡೆಯ, ಹುಲ್ಲಿನ ಟೋಪಿ ಹಾಕಿಕೊಂಡ, ಎಪ್ಪತ್ತರ ಆಸುಪಾಸಿನ ಮದಾಮ್ ಸಿಲ್ವಿ. ಗಾಸ್ಪಾರ್ ಮೇಷ್ಟ್ರ ಕೈಯಲ್ಲಿ ದಪ್ಪ ನೋಟುಪುಸ್ತಕವಿತ್ತು. ಸಿಲ್ವಿ ಯಾರ ಜೊತೆಗೂ ಹೆಚ್ಚು ಮಾತಾಡದೆ ಗೋಡೆಗಳನ್ನೇ ನೋಡುತ್ತಿದ್ದಳು. ಲಲ್ಲಾ ಬತೂಲ್ ಕಂದು ಬಣ್ಣದ ಜಲ್ಲಾಬಾ ನಿಲುವಂಗಿ ತೊಟ್ಟು, ಅದರ ಕೆಳಗೆ ಡಾಕ್ಟರು ಹೇಳಿದ ಬಿಳಿ ಬೂಟು ಹಾಕಿಕೊಂಡು, ಎಲ್ಲರಿಗೂ 'ಬೋಂಜೂರ್' ಹೇಳಿ ಸಾಲಿನ ಕೊನೆಯಲ್ಲಿ ನಿಂತಳು. "ಇವರು ಇಲ್ಲಿಯವರೇ, ನಮ್ಮ ಜೊತೆ ಬರುತ್ತಾರೆ" ಎಂದಷ್ಟೇ ಜಲೀಲ್ ಪರಿಚಯ ಮಾಡಿಕೊಟ್ಟ. ಪ್ರವಾಸಿಗರಿಗೆ ಖುಷಿಯಾಯಿತು.

ಮೊದಲ ನಿಲುಗಡೆ, ಬಣ್ಣದ ಹೆಂಚಿನ ಚೂರು ಕೂರಿಸಿದ ಒಂದು ಬೀದಿ ತೊಟ್ಟಿ. ಗೋಡೆಯಿಂದ ಸಣ್ಣಗೆ ನೀರು ಸುರಿಯುತ್ತಿತ್ತು. ಜಲೀಲ್ ದನಿ ತಗ್ಗಿಸಿದ. ಸುಲ್ತಾನನ ಮಗಳೊಬ್ಬಳು ಯುದ್ಧಕ್ಕೆ ಹೋದ ಪ್ರಿಯನಿಗಾಗಿ ನಲವತ್ತು ದಿನ ಇಲ್ಲಿ ಕೂತು ಅತ್ತದ್ದನ್ನೂ, ಅವಳ ಕಣ್ಣೀರು ಬತ್ತಿದ ದಿನ ನೆಲದಿಂದ ನೀರು ಚಿಮ್ಮಿದ್ದನ್ನೂ ಹೇಳಿದ. ಕಥೆ ಪೂರ್ತಿ ಅವನದೇ. ಹೊಸ ಹೆಂಡತಿ ಮೂಗು ಒರೆಸಿಕೊಂಡಳು.

"ಏನು ಹೇಳಿದ್ರಿ ಅಳಿಯಂದಿರೆ? ಆ ಹುಡುಗಿ ಅಳ್ತಿದಾಳೆ" ಎಂದಳು ಲಲ್ಲಾ ಬತೂಲ್, ಊರಿನ ಅರಬ್ಬಿಯಲ್ಲಿ.

"ತೊಟ್ಟಿ ಕಟ್ಟಿಸಿದ್ದು ಯಾರು ಅಂತ ಹೇಳ್ದೆ, ಅಷ್ಟೆ."

"ಅದಕ್ಯಾಕೆ ಅಳ್ಬೇಕು? ಕಟ್ಟಿಸಿದ್ದು ಗಾರೆ ಕೆಲಸದ ತುಹಾಮಿ. ಅವನಿಗೆ ಇಬ್ಬರು ಹೆಂಡ್ರು. ಮೇಲಿನ ಬೀದಿಯಿಂದ ನೀರು ಹೊತ್ತು ತರೋಳು ನೀನಾ ನಾನಾ ಅಂತ ದಿನಾ ಬೆಳಿಗ್ಗೆ ಜುಟ್ಟು ಹಿಡ್ಕೊಳ್ಳೋರು. ತಡೀಲಾರ್ದೆ ಮನೆ ಮುಂದೇನೇ ನೀರು ತರಿಸ್ದ. ಜಗಳಕ್ಕೆ ಕಾರಣ ಇಲ್ಲದ ಹಾಗಾಯ್ತಲ್ಲ, ಆಮೇಲಿಂದ ಇಬ್ಬರೂ ಒಂದಾಗಿ ಅವನ ಮೇಲೆ ಬಿದ್ರು. ನಮ್ಮಮ್ಮ ಕಣ್ಣಾರೆ ನೋಡಿದಾಳೆ."

ಗಾಸ್ಪಾರ್ ಮೇಷ್ಟ್ರು ಪೆನ್ನು ಹಿಡಿದು ಕಾಯುತ್ತಿದ್ದರು. "ಮದಾಮ್ ಏನಂತಾರೆ?"

ಜಲೀಲ್ ಒಂದು ಕ್ಷಣವೂ ತಡಮಾಡಲಿಲ್ಲ. "ಇವರ ತಾಯಿಯ ಕಾಲದಲ್ಲೂ ಮುಂಜಾನೆ ಹೊತ್ತು ರಾಜಕುಮಾರಿ ಬಿಕ್ಕುವ ಸದ್ದು ಕೇಳಿಸುತ್ತಿತ್ತಂತೆ."

ಮೇಷ್ಟ್ರು ಬರೆದುಕೊಂಡರು. ಮದಾಮ್ ಸಿಲ್ವಿ ಮಾತ್ರ ಥಟ್ಟನೆ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳತೊಡಗಿದಳು. ಅವಳ ಕಾಲಲ್ಲಿದ್ದದ್ದು ಚಪ್ಪಲಿ ಎಂಬುದನ್ನು ಜಲೀಲ್ ಗಮನಿಸಲಿಲ್ಲ.

ಅಲ್ಲಿಂದ ಮುಂದೆ ನಡಿಗೆ ನಿಧಾನವಾಯಿತು. ಲಲ್ಲಾ ಬತೂಲ್‌ಳನ್ನು ಅರಿಯದ ಅಂಗಡಿಯೇ ಇರಲಿಲ್ಲ. ಆಲಿವ್ ಮಾರುವವನು "ಏನು ಲಲ್ಲಾ, ಈ ವಯಸ್ಸಲ್ಲಿ ಹೊಸ ಕೆಲಸಕ್ಕೆ ಸೇರಿದ್ರಾ?" ಎಂದ. "ಇಲ್ಲಪ್ಪ, ನಾನು ಪ್ರವಾಸಕ್ಕೆ ಬಂದಿದೀನಿ. ಈ ಊರು ಚೆನ್ನಾಗಿದೆ ಅಂತಾರೆ" ಎಂದು ಅವಳು ಗಂಭೀರವಾಗಿ ಉತ್ತರ ಕೊಟ್ಟಳು. ಚರ್ಮ ಹೇರಿಕೊಂಡ ಹೇಸರಗತ್ತೆಯೊಂದು ಎದುರಿಗೆ ಬಂದು ಎಲ್ಲರೂ ಗೋಡೆಗೆ ಅಂಟಿಕೊಂಡಾಗ, ಹೇಸರಗತ್ತೆಯವನನ್ನು ನಿಲ್ಲಿಸಿ ಅವನ ಹೆಂಡತಿಯ ಬಾಣಂತನ ವಿಚಾರಿಸಿದಳು. ಪ್ರವಾಸಿಗರು ಹಸಿ ಚರ್ಮದ ವಾಸನೆಗೆ ಮೂಗು ಮುಚ್ಚಿಕೊಂಡು ಅದೆಲ್ಲ ಮುಗಿಯುವವರೆಗೆ ನಿಂತಿದ್ದರು.

ಎರಡನೇ ನಿಲುಗಡೆ, ಒಂದು ದೊಡ್ಡ ದೇವದಾರು ಬಾಗಿಲು. ತಟ್ಟುವುದಕ್ಕೆ ಎರಡು ಹಿತ್ತಾಳೆ ಬಳೆ, ಒಂದು ಮೇಲೆ, ಒಂದು ಕೆಳಗೆ. ಇದು ಜಲೀಲನ ಅಚ್ಚುಮೆಚ್ಚಿನ ಜಾಗ. ಈ ಮನೆಯ ಮಾಳಿಗೆ ಮೇಲೆ ಕೂತು ಒಬ್ಬ ಮಹಾ ಪಂಡಿತ ಚಂದ್ರನ ನಡಿಗೆ ಲೆಕ್ಕ ಹಾಕಿದ್ದನ್ನೂ, ಗ್ರಹಣವನ್ನು ಮೊದಲೇ ತಿಳಿಸಿ ಊರನ್ನೇ ಕಾಪಾಡಿದ್ದನ್ನೂ ಅವನು ಕೈ ಬೀಸಿ ಬೀಸಿ ವರ್ಣಿಸಿದ.

"ಇದು ನಮ್ಮ ಹಬೀಬಾ ಮನೆ ಅಲ್ವಾ? ಇದರದೇನು ಹೇಳೋದಿದೆ?"

"ಹಳೇ ಮನೆ ಅಂತ ಹೇಳ್ದೆ ಅತ್ತೆ."

"ಇಷ್ಟು ಹೊತ್ತಾ? ಹಳೇ ಮನೆ ಅನ್ನೋದು ಫ್ರೆಂಚಲ್ಲಿ ಅಷ್ಟು ಉದ್ದನಾ?"

ಸಿಲ್ವಿಗೆ ಕೆಮ್ಮು ಬಂತು. ಲಲ್ಲಾ ಬತೂಲ್ ಮುಂದುವರಿಸಿದಳು. "ಎರಡು ಬಳೆ ಯಾಕೆ ಅಂತ ಕೇಳ್ತಿರ್ಬೇಕು ಪಾಪ. ಅಣ್ಣತಮ್ಮ ಪಾಲಾದಾಗ ಹಾಕ್ಸಿದ್ದು ಅದು. ಅಣ್ಣನ ಮನೆ ನೆಂಟ ತಮ್ಮನ ಮನೇಲಿ ಉಂಡು ಹೋಗ್ಬಾರ್ದು ಅಂತ. ಅಲ್ಲ, ಆ ಮೇಷ್ಟ್ರು ನಾನು ಹೇಳಿದ್ದನ್ನೆಲ್ಲ ಬರ್ಕೋತಿದಾರಾ?"

"ಹೂಂ" ಎಂದ ಜಲೀಲ್, ವಿಧಿಯಿಲ್ಲದೆ.

ಲಲ್ಲಾ ಬತೂಲ್ ತಲೆವಸ್ತ್ರ ಸರಿಮಾಡಿಕೊಂಡಳು. "ಮೊದಲೇ ಹೇಳ್ಬಾರ್ದಾ? ನಿಧಾನಕ್ಕೆ ಹೇಳ್ತಿದ್ದೆ." ಆಮೇಲೆ ಮಂಡಿ ಸವರಿಕೊಂಡು, "ಕಾಲು ಹಿಡ್ಕೋತಿದೆ. ಹಬೀಬಾ ಟೀ ಕೊಡ್ದೆ ಕಳ್ಸಲ್ಲ" ಎನ್ನುತ್ತಾ, ಅಳಿಯ ಬೇಡ ಬೇಡ ಅನ್ನುತ್ತಿದ್ದಂತೆಯೇ ಮೇಲಿನ ಬಳೆಯನ್ನು ಹಿಡಿದು ಮೂರು ಸಲ ಬಡಿದಳು.

ಬಾಗಿಲು ತೆರೆದ ಹಬೀಬಾ ಎತ್ತರದ, ಸ್ಥೂಲಕಾಯದ ಹೆಂಗಸು. ಮೊಣಕೈವರೆಗೆ ಹಿಟ್ಟು. ತಂಗಿಯ ಮಗಳ ನಿಶ್ಚಿತಾರ್ಥಕ್ಕೆ ಬಾದಾಮಿ ಕಡುಬು ಮಾಡುತ್ತಿದ್ದಳು. "ಯಾರೇ ಇವರೆಲ್ಲ?" ಎಂದಳು. "ನಮ್ಮ ಅಳಿಯನ ಜನ" ಎಂದಳು ಬತೂಲ್. ಅಷ್ಟು ಸಾಕಾಯಿತು. ಎಲ್ಲರೂ ಒಳಗೆ ಹೋದರು, ಬೂಟು ಬಿಚ್ಚಿದರು, ಅಂಗಳದ ಗೋಡೆಯುದ್ದಕ್ಕೂ ಹಾಸಿದ ದಿವಾನಿನ ಮೇಲೆ ಕೂತರು. ಟೀ ಬಂತು, ಕಡುಬೂ ಬಂತು. ನರ್ಸ್ ಅಕ್ಕತಂಗಿಯರು ತಿನ್ನುವುದರಲ್ಲಿ ಮುಳುಗಿದರು. ಗಾಸ್ಪಾರ್ ಮೇಷ್ಟ್ರಿಗೆ ಮಾತ್ರ ತಿಂಡಿಯ ಮೇಲೆ ಮನಸ್ಸಿರಲಿಲ್ಲ.

"ಪಂಡಿತರ ವೇಧಶಾಲೆ ನೋಡಬಹುದೆ?"

"ಅದು ಬಿದ್ದುಹೋಗಿ ಬಹಳ ಕಾಲವಾಯಿತು, ಮೊಸ್ಯು" ಎಂದ ಜಲೀಲ್.

"ಬಿದ್ದ ಜಾಗವಾದರೂ ಸರಿ. ಮೂವತ್ತೆಂಟು ವರ್ಷ ಪಾಠ ಮಾಡಿದ್ದೇನೆ, ಇಂಥದ್ದೊಂದು ಕಣ್ಣಿಗೆ ಬಿದ್ದಿರಲಿಲ್ಲ."

ಅವರ ಮುಖದಲ್ಲಿ ಎಂಥ ಆಸೆಯಿತ್ತೆಂದರೆ ಜಲೀಲನಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. "ಅವರಿಗೆ ಮಾಳಿಗೆ ನೋಡ್ಬೇಕಂತೆ" ಎಂದು ಹಬೀಬಾಗೆ ಹೇಳಿದ. ಅವಳಿಗೆ ಆಶ್ಚರ್ಯ. "ಅಲ್ಲೇನಿದೆ? ಒಗೆದ ಬಟ್ಟೆ, ಡಿಶ್ಶು, ನನ್ನ ಎರಡು ಕೋಳಿ. ನೋಡ್ಲಿ ಬಿಡು, ಅವರ ಇಷ್ಟ."

ಕಡಿದಾದ ಮೆಟ್ಟಿಲು ಹತ್ತಿ ಎಲ್ಲರೂ ಮೇಲೆ ಹೋದರು. ಲಲ್ಲಾ ಬತೂಲ್ ಕೂಡ ಒಂದೊಂದೇ ಮೆಟ್ಟಿಲಿಗೆ ಒಂದೊಂದು ಉಸಿರು ಬಿಡುತ್ತಾ ಹತ್ತಿದಳು. ಮೇಲೆ, ಹಬೀಬಾ ಹೇಳಿದಂತೆ, ಬಟ್ಟೆ, ಡಿಶ್ಶು, ಎರಡು ಕೋಳಿ. ಮೇಷ್ಟ್ರು ಹಗ್ಗದ ಮೇಲಿನ ದುಪ್ಪಟಿ ಸರಿಸಿ ಆ ಕಡೆ ನೋಡಿದರು, ಈ ಕಡೆ ನೋಡಿದರು. "ಎಲ್ಲಿ, ಮೊಸ್ಯು ಜಲೀಲ್?"

ಜಲೀಲ್ ಬಾಯಿ ತೆರೆದ. ಹದಿನೈದು ವರ್ಷದಲ್ಲಿ ಮೊದಲ ಬಾರಿಗೆ ಅದರಿಂದ ಏನೂ ಹೊರಬರಲಿಲ್ಲ.

"ಏನು ಕಳ್ಕೊಂಡಿದಾರೆ ಇವರು?" ಎಂದಳು ಹಬೀಬಾ.

ಉತ್ತರ ಬಂದದ್ದು ಹುಲ್ಲಿನ ಟೋಪಿಯ ಕೆಳಗಿನಿಂದ, ಪಕ್ಕದೂರು ಮೆಕ್ನೆಸ್‌ನ ಅಚ್ಚ ಧಾಟಿಯ ಅರಬ್ಬಿಯಲ್ಲಿ. "ಈ ಮನೇಲಿ ಚಂದ್ರನ್ನ ಅಳೆಯೋ ಪಂಡಿತರು ಇದ್ರು ಅಂತ ಇವರ ಅಳಿಯಂದಿರು ಹೇಳಿದಾರೆ, ಲಲ್ಲಾ ಹಬೀಬಾ. ಅವರು ಕೂತಿದ್ದ ಜಾಗ ಹುಡುಕ್ತಿದಾರೆ."

ಎಲ್ಲರ ಕಣ್ಣೂ ಟೋಪಿಯತ್ತ ತಿರುಗಿದವು. ಮದಾಮ್ ಸಿಲ್ವಿ ಕೊಂಚ ನಾಚಿಕೊಂಡಳು. "ನಾನು ಹುಟ್ಟಿದ್ದು ಮೆಕ್ನೆಸಲ್ಲಿ. ಅಪ್ಪ ರೈಲ್ವೇಲಿದ್ರು. ಹದಿನಾಲ್ಕು ತುಂಬೋವರೆಗೂ ಅಲ್ಲೇ ಇದ್ದೆ. ಭಾಷೆ ಮರ್ತುಹೋಗಿದೆ ಅಂದ್ಕೊಂಡಿದ್ದೆ."

"ಹಾಗಾದ್ರೆ ಬೆಳಿಗ್ಗೆಯಿಂದ..." ಎಂದ ಜಲೀಲ್, ಸಣ್ಣ ದನಿಯಲ್ಲಿ.

"ತುಹಾಮಿಯ ಇಬ್ಬರು ಹೆಂಡ್ರಿಂದ ಶುರುವಾಗಿ ಎಲ್ಲಾನೂ ಕೇಳಿಸ್ಕೊಂಡಿದೀನಿ."

ಜಲೀಲನ ಕಿವಿ ಕೆಂಪಗಾಯಿತು. ಹಬೀಬಾಗೆ ಈಗ ವಿಷಯ ತಲೆಗೆ ಹತ್ತಿತು. ಹೊಟ್ಟೆ ಕುಣಿಸುತ್ತಾ ನಗಲು ಶುರುಮಾಡಿದಳು. "ಪಂಡಿತರಾ? ನಮ್ಮ ವಂಶದಲ್ಲಿ ನಾಲ್ಕನೇ ಕ್ಲಾಸು ದಾಟಿದೋರೇ..."

ಮುಂದಿನ ಮಾತು ಬರಲಿಲ್ಲ. ಲಲ್ಲಾ ಬತೂಲ್ ಅವಳ ತೋಳು ಹಿಂಡಿದ್ದಳು. ಮೇಷ್ಟ್ರು ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದರು. ಬತೂಲ್ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಆಮೇಲೆ ಕುಂಟುತ್ತಾ ಮಾಳಿಗೆಯ ಮೂಲೆಗೆ ಹೋಗಿ, ಹಬೀಬಾ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೈಯಿಟ್ಟಳು.

"ಇಲ್ಲಿ" ಎಂದಳು. "ಇಲ್ಲೇ ಕೂರ್ತಿದ್ದದ್ದು. ಸಿಲ್ವಿ, ನೀನು ಹೇಳಮ್ಮ ಅವರಿಗೆ. ನಮ್ಮ ಅಳಿಯಂದಿರು ಬೇಡ, ಅವರು ಅರ್ಧ ನುಂಗ್ತಾರೆ."

ಮೇಷ್ಟ್ರು ಓಡಿಬಂದರು. ಲಲ್ಲಾ ಬತೂಲ್ ಹೇಳತೊಡಗಿದಳು. ಸಿಲ್ವಿ ಒಂದಕ್ಷರ ಕೂಡಿಸದೆ, ಒಂದಕ್ಷರ ಬಿಡದೆ ಫ್ರೆಂಚಿಗೆ ತಿರುಗಿಸಿದಳು. ಪಂಡಿತ ಬಹಳ ಓದಿದವನು, ಆದರೆ ಅವನ ಕಣ್ಣು ಮಂಜು. ಚಂದ್ರ ಎಲ್ಲಿದ್ದಾನೆಂದೇ ಕಾಣುತ್ತಿರಲಿಲ್ಲ. ಸಂಜೆ ಬಟ್ಟೆ ತೆಗೆಯಲು ಮಾಳಿಗೆಗೆ ಬರುತ್ತಿದ್ದ ಅವನ ಅತ್ತೆ, 'ಇವತ್ತು ಮಸೀದಿ ಗೋಪುರದ ಎಡಕ್ಕೆ ಒಂದು ಗೇಣು', 'ಇವತ್ತು ಎರಡು ಗೇಣು' ಎಂದು ನೋಡಿ ಹೇಳುವಳು, ಅವನು ಬರೆದುಕೊಳ್ಳುವನು. ಗ್ರಹಣ ಬರುತ್ತದೆಂದು ಮೊದಲು ಹೇಳಿದ್ದೂ ಅವಳೇ. ಅಳಿಯ ನಂಬಲಿಲ್ಲ. ಗ್ರಹಣ ಬಂತು. ಆಮೇಲೆ ಊರವರು ಅಳಿಯನಿಗೆ ರೇಷ್ಮೆ ನಿಲುವಂಗಿ ಹೊದಿಸಿದರು, ಅತ್ತೆ ಹಾಗೇ ಬಟ್ಟೆ ಮಡಿಸುತ್ತಾ ನಿಂತಿದ್ದಳು.

ನರ್ಸ್ ಅಕ್ಕತಂಗಿಯರು ಕಲ್ಲನ್ನು ಮುಟ್ಟಿ ನೋಡಿದರು. ಮೇಷ್ಟ್ರು ನೋಟುಪುಸ್ತಕದಲ್ಲಿ ಹೊಸ ಹಾಳೆ ತಿರುವಿದರು. "ಆ ಅತ್ತೆಯ ಹೆಸರು ತಿಳಿದಿದೆಯೆ?"

"ಬತೂಲ್" ಎಂದಳು ಲಲ್ಲಾ ಬತೂಲ್, ಕಣ್ಣು ಮಿಟುಕಿಸದೆ.

ಸಿಲ್ವಿ ಅದನ್ನೂ ತಿರುಗಿಸಿ ಹೇಳಿ, ಕೋಳಿಗಳ ಕಡೆ ಮುಖ ಮಾಡಿ ನಿಂತುಬಿಟ್ಟಳು. ಅವಳ ಬೆನ್ನು ಬಹಳ ಹೊತ್ತು ಅಲುಗುತ್ತಿತ್ತು.

ಕೆಳಗಿಳಿಯುವಾಗ ಜಲೀಲ್ ಅತ್ತೆಯ ಕೈ ಹಿಡಿದುಕೊಂಡಿದ್ದ. ಉಳಿದವರು ಮುಂದೆ ಹೋದ ಮೇಲೆ ಮೆಲ್ಲಗೆ ಕೇಳಿದ. "ಅತ್ತೆ, ಯಾಕೆ ಹೀಗೆ ಮಾಡಿದ್ರಿ?"

"ಮತ್ತೇನು ಮಾಡ್ಲಿ? ನನ್ನ ಮಗಳ ಗಂಡ ಪರದೇಶದವರ ಮುಂದೆ ತಲೆ ತಗ್ಗಿಸಿ ನಿಂತ್ಕೋಬೇಕಾ? ಅದಕ್ಕೆ ಮನೇಲಿ ನಾನಿದೀನಲ್ಲ." ಎರಡು ಮೆಟ್ಟಿಲಿಳಿದು ನಿಂತಳು. "ಆದ್ರೆ ಒಂದು ಮಾತು. ಪಂಡಿತ ಸುಳ್ಳು, ತುಹಾಮಿ ಸುಳ್ಳಲ್ಲ. ಅವನಿಗೆ ಮಕ್ಕಳಿರ್ಲಿಲ್ಲ. ನಾವು ನಾಕು ಜನ ಮುದುಕೀರು ಹೋದ್ರೆ ಅವನ ಹೆಸರು ಹೇಳೋರಿಲ್ಲ. ನೀವು ದಿನಾ ಆ ತೊಟ್ಟಿ ಮುಂದೆ ನಿಂತ್ಕೋತೀರಿ, ಒಂದ್ಸಲ ಹೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

ಮೊದಲ ಸಲ, ಜಲೀಲ್ ಉತ್ತರ ಕೊಡಲೆಂದು ಅತ್ತೆ ಸ್ವಲ್ಪ ಹೊತ್ತು ಬಿಟ್ಟದ್ದು ಅವನಿಗೆ ಗೊತ್ತಾಯಿತು.

ಹೊರಡುವ ಹೊತ್ತಿಗೆ ಸಿಲ್ವಿ ಎದ್ದೇಳಲಿಲ್ಲ. ಲಲ್ಲಾ ಬತೂಲ್ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಬಾದಾಮಿ ಹೂರಣ ಉಂಡೆ ಮಾಡುತ್ತಿದ್ದಳು. "ನಾನು ಇಲ್ಲೇ ಇರ್ತೀನಿ. ಮೆಕ್ನೆಸಲ್ಲಿ ಪಕ್ಕದ ಮನೆಯವರು ಮಾಡ್ತಿದ್ರು, ನನ್ನ ಮುಟ್ಟೋಕೆ ಬಿಡ್ತಿರ್ಲಿಲ್ಲ" ಎಂದಳು. "ಈಗ್ಲೂ ಸರಿಯಾಗಿ ಮಾಡ್ತಿಲ್ಲ, ಕೊಡಿಲ್ಲಿ" ಎಂದಳು ಹಬೀಬಾ. ಲಲ್ಲಾ ಬತೂಲ್ ಅಳಿಯನಿಗೆ, ತನಗಾಗಿ ಕಾಯುವುದು ಬೇಡವೆಂದು ಕೈಸನ್ನೆ ಮಾಡಿದಳು.

ಉಳಿದ ಐವರನ್ನು ಕರೆದುಕೊಂಡು ಜಲೀಲ್ ಮುಂದೆ ನಡೆದ. ಬಾಚಣಿಗೆ ಮಾಡುವವರ ಓಣಿಯಲ್ಲಿ ಒಂದು ಹಳೇ ಕಮಾನಿದೆ. ಅದರ ಕೆಳಗೆ ನಿಂತು ಛತ್ರಿ ಎತ್ತಿದ. ದನಿ ತಗ್ಗಿಸಿದ. ಹೇಳಬೇಕಾದ ಕಥೆ ನಾಲಿಗೆಯ ತುದಿಯಲ್ಲೇ ಇತ್ತು. ಅದರಲ್ಲಿ ಒಬ್ಬ ಕಡಲ್ಗಳ್ಳನೂ ಒಂದು ಹಸಿರು ಮುತ್ತೂ ಇದ್ದವು. 'ಏನು ಹೇಳ್ತೀರಿ ಅಳಿಯಂದಿರೆ?' ಎಂದು ಹಿಂದಿನಿಂದ ಕೇಳುವವರಿರಲಿಲ್ಲ.

"ಇದನ್ನು ಕಟ್ಟಿಸಿದವರು ಯಾರು?" ಗಾಸ್ಪಾರ್ ಮೇಷ್ಟ್ರೇ ಕೇಳಿದರು.

"ನನಗೆ ಗೊತ್ತಿಲ್ಲ" ಎಂದ ಜಲೀಲ್.

ಮೇಷ್ಟ್ರು ಅದನ್ನೂ ಬರೆದುಕೊಂಡರು. ಎದುರಿನ ಗೂಡಂಗಡಿಯಲ್ಲಿ ಕೊಂಬಿನ ಬಾಚಣಿಗೆ ಉಜ್ಜುತ್ತಿದ್ದ ಮುದುಕ ತಲೆಯೆತ್ತಿ, ಅವರು ಏನು ಕೇಳಿದರೆಂದು ವಿಚಾರಿಸಿದ. ಜಲೀಲ್ ಹೇಳಿದ. "ಅಯ್ಯೋ, ಅದಾ? ಅದು ನಂಗೆ ಗೊತ್ತು, ಬಾ" ಎಂದು ಮುದುಕ ತೊಡೆಯ ಮೇಲಿನ ಪುಡಿ ಕೊಡವಿದ. ಅವನಿಗೆ ಎಷ್ಟು ಗೊತ್ತಿತ್ತೋ, ಎಷ್ಟು ಆ ಗಳಿಗೆಯಲ್ಲಿ ಹುಟ್ಟಿತೋ. ಜಲೀಲ್ ಛತ್ರಿಯನ್ನು ಗೋಡೆಗೆ ಒರಗಿಸಿ, ಅಂಗಡಿಯ ಮೆಟ್ಟಿಲ ಮೇಲೆ ಕೂತು, ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಫ್ರೆಂಚಿಗೆ ತಿರುಗಿಸತೊಡಗಿದ.