ಮುಳ್ಳು ತೆಗೆದ ಕೋಣೆ

ಬಾಗಿಲಿಗೆ ಅಡ್ಡ ಇಟ್ಟಿದ್ದ ಮುಳ್ಳಿನ ಕೊಂಬೆಯನ್ನು ಉಷಾರಾಣಿ ತಾನೇ ಎಳೆದು ಬೇಲಿಯಾಚೆ ಹಾಕಿದಳು. ಆರು ತಿಂಗಳು ತುಂಬಿತ್ತು. ಜೋಯಿಸರು ಬಂದು ಶಾಂತಿ ಮಾಡಿ, ಮೂಲೆ ಮೂಲೆಗೆ ತೀರ್ಥ ಚಿಮುಕಿಸಿ, ಇನ್ನೇನೂ ತೊಂದರೆಯಿಲ್ಲವೆಂದು ಹೇಳಿ, ಕೊಟ್ಟ ಬಾಳೆಗೊನೆಯನ್ನು ಸ್ಕೂಟರಿಗೆ ಬಿಗಿದುಕೊಂಡು ಹೋಗಿದ್ದರು.

ಅದು ಅವಳ ಗಂಡ ಪುಟ್ಟರಾಜುವಿನ ಅಂಗಡಿ. ಕೂಡಿಗೆ ರಸ್ತೆಗೆ ಮುಖ ಮಾಡಿದ ಮನೆಯ ಮುಂದಿನ ಕೋಣೆ, ಅದರಲ್ಲೊಂದು ಕಂಪ್ಯೂಟರು, ಪ್ರಿಂಟರು, ಜೆರಾಕ್ಸ್. ಪಹಣಿ, ಜಾತಿ ಪ್ರಮಾಣಪತ್ರ, ಪಿಂಚಣಿ ಅರ್ಜಿ, ಯಾವುದೇ ಇರಲಿ ಸುತ್ತಲಿನವರು ಅಲ್ಲಿಗೇ ಬರುತ್ತಿದ್ದರು. ಮಾರ್ಚಿನ ಒಂದು ಬೆಳಿಗ್ಗೆ ಅದೇ ಕುರ್ಚಿಯಲ್ಲಿ ಕೂತಂತೆಯೇ ಅವನ ಎದೆಬಡಿತ ನಿಂತುಹೋಯಿತು. ತೀರಿಕೊಂಡ ನಕ್ಷತ್ರ ಚೆನ್ನಾಗಿಲ್ಲ, ಆರು ತಿಂಗಳು ಮನೆ ಬಿಡಬೇಕು ಎಂದರು ಜೋಯಿಸರು. ಹಿರಿಯರು ಹಾಸನದ ಕಡೆಯಿಂದ ಬರುವಾಗ ಜೊತೆಗೇ ತಂದ ಪದ್ಧತಿ ಅದು, ಮೀರುವ ಧೈರ್ಯ ಯಾರಿಗೂ ಇಲ್ಲ. ಆದರೆ ಕರೆಯುವ ಹಸುಗಳನ್ನೂ ಮಂಡಿನೋವಿನ ಅತ್ತೆ ವನಜಮ್ಮನನ್ನೂ ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಅವನು ಸತ್ತ ಕೋಣೆಯೊಂದನ್ನೇ ಬಿಡೋಣ ಎಂದು ಹಟ ಹಿಡಿದವಳು ಉಷಾರಾಣಿ. ಜೋಯಿಸರು ಗೊಣಗಿಕೊಂಡೇ ಒಪ್ಪಿದರು. ಆ ಗೊಣಗಾಟ ಊರಿಗೆಲ್ಲ ಕೇಳಿಸಿತ್ತು.

ಈಗ ಅಂಗಡಿ ನಡೆದರೆ ಸರಿ. ನಡೆಯದಿದ್ದರೆ ಕೋಣೆಯನ್ನು ಕೋಳಿ ಅಂಗಡಿಗೆ ಬಾಡಿಗೆಗೆ ಕೊಡುವುದೆಂದು ಮೈದುನ ಆಗಲೇ ಯಾರಿಗೋ ಮಾತು ಕೊಟ್ಟಿದ್ದ. ಗಂಡ ಕೂತಿದ್ದ ಜಾಗದಲ್ಲಿ ಕೋಳಿ ಕತ್ತರಿಸಲು ಬಿಡಲಾರೆನೆಂದು ಅವಳು ನಿಶ್ಚಯಿಸಿದ್ದಳು.

ಮೊದಲ ಗಿರಾಕಿ ನಾಣಯ್ಯ, ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದು ನಿವೃತ್ತರಾದವರು. ಪಹಣಿ ಬೇಕಿತ್ತು. ಉಷಾರಾಣಿ ದೇವರಿಗೆ ಕೈಮುಗಿದು, ಪಕ್ಕದಲ್ಲಿ ನಿಂತು ನೋಡಿ ಕಲಿತಂತೆ, ವರ್ಷಗಳಿಂದ ಪುಟ್ಟರಾಜು ತೆರೆಯುತ್ತಿದ್ದ ಆ ಸರ್ಕಾರಿ ಸೈಟನ್ನು ಒತ್ತಿದಳು. ಸೈಟು ಬರಲಿಲ್ಲ. ಬಿಳಿ ಪರದೆಯ ಮೇಲೆ ಕೆಂಪು ತ್ರಿಕೋನವೊಂದು ಎದ್ದು ನಿಂತಿತು. ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ, ಯಾರೋ ನಿಮ್ಮ ಮಾಹಿತಿ ಕದಿಯಲು ಯತ್ನಿಸುತ್ತಿರಬಹುದು ಎಂದು ಅಚ್ಚ ಕನ್ನಡದಲ್ಲೇ ಬರೆದಿತ್ತು. ಕೆಳಗೊಂದು ಗುಂಡಿ: ಸುರಕ್ಷತೆಗೆ ಹಿಂತಿರುಗಿ. ಬ್ಯಾಂಕಿನ ಸೈಟು ಒತ್ತಿದಳು, ಅದೇ ತ್ರಿಕೋನ. ಗ್ಯಾಸಿನದು, ಕರೆಂಟು ಬಿಲ್ಲಿನದು, ಎಲ್ಲದಕ್ಕೂ ಅದೇ. ತನ್ನ ಮೊಬೈಲಿನಲ್ಲಿ ನೋಡಿದರೆ ಅವೇ ಸೈಟುಗಳು ಸಲೀಸಾಗಿ ತೆರೆದುಕೊಂಡವು. ಅಂದರೆ ತಕರಾರು ಸೈಟಿನದಲ್ಲ, ಈ ಯಂತ್ರದ್ದು.

ನಾಣಯ್ಯ ಕನ್ನಡಕ ಸರಿಮಾಡಿಕೊಂಡು ಪರದೆ ಓದಿದರು. ಆಮೇಲೆ ಪುಟ್ಟರಾಜು ಪ್ರಾಣ ಬಿಟ್ಟ ಆ ಕುರ್ಚಿಯನ್ನು ನೋಡಿದರು.

"ಹಿಂದಕ್ಕೆ ಹೋಗು ಅಂತ ಯಾರೋ ಹೇಳ್ತಾ ಇರೋ ಹಾಗುಂಟಲ್ಲ ಮಗಳೇ," ಎಂದು ಮೆಲ್ಲಗೆ ಹೇಳಿ ಕೊಡೆ ಎತ್ತಿಕೊಂಡರು.

ಅಷ್ಟು ಸಾಕಾಯಿತು. ಮನೆ ಬಿಡಿ ಅಂದರೆ ಕೋಣೆ ಬಿಟ್ಟರು, ಅರ್ಧಂಬರ್ಧ ಮಾಡಿದರೆ ಸತ್ತವನು ಹೋಗುತ್ತಾನೆಯೇ ಎಂದು ಹಾಲಿನ ಡೇರಿಯ ಸಾಲಿನಲ್ಲಿ ಮಾತಾಯಿತು. ಜನ ಕುಶಾಲನಗರಕ್ಕೇ ಬಸ್ಸು ಹತ್ತತೊಡಗಿದರು. ವನಜಮ್ಮ ಆ ಕೋಣೆಯ ಹೊಸ್ತಿಲು ದಾಟಲೇ ಇಲ್ಲ. ಕಾಫಿ ಲೋಟವನ್ನು ಹೊಸ್ತಿಲ ಮೇಲಿಟ್ಟು, ಒಳಗೆ ಇಣುಕದೆ ಹೋಗುತ್ತಿದ್ದರು.

ಉಷಾರಾಣಿಗೆ ಭಯವಾಯಿತು. ಆಗದೆ ಏನು? ಕುರ್ಚಿಯ ಬೆನ್ನಿಗೆ ಅವನ ತಲೆಯೆಣ್ಣೆಯ ವಾಸನೆ ಇನ್ನೂ ಇತ್ತು. ಅವಳು ಎದ್ದ ಮೇಲೂ ಅದು ಒಮ್ಮೆ ಕಿರುಗುಟ್ಟುತ್ತಿತ್ತು. ಬದುಕಿದ್ದಾಗ ಅವನು ಆ ಕೀಲಿಮಣೆಯನ್ನು ಅವಳಿಗೆ ಮುಟ್ಟಗೊಟ್ಟವನಲ್ಲ; ನೀನು ಮುಟ್ಟಿದರೆ ಸರ್ಕಾರವೇ ಬಿದ್ದುಹೋಗುತ್ತದೆ ಎಂದು ಕೀಟಲೆ ಮಾಡುತ್ತಿದ್ದ. ಒಂದು ದಿನ ಯಾರೂ ಇಲ್ಲದಾಗ ಅವಳು ಪರದೆಯನ್ನೇ ಕೇಳಿದಳು.

"ಏನ್ರೀ, ನಾನಿಲ್ಲಿ ಕೂರೋದು ನಿಮಗೆ ಬ್ಯಾಡ್ವಾ?"

ಮತ್ತೆ ಒತ್ತಿದಳು. ಸುರಕ್ಷತೆಗೆ ಹಿಂತಿರುಗಿ, ಎಂದಿತು ಪರದೆ. ಅವಳು ಅಲ್ಲೇ ಕೂತು ಅತ್ತಳು.

ಕೊನೆಗೆ ಫೋನು ಮಾಡಿದ್ದು ಸುನಿಲನಿಗೆ. ಪುಟ್ಟರಾಜುವಿನ ಸ್ನೇಹಿತ, ಕುಶಾಲನಗರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಪರದೆಯ ಕೆಳಗೆ ಬಲಮೂಲೆಯಲ್ಲಿ ತಾರೀಖು ಏನಿದೆ ಅತ್ತಿಗೆ, ಓದಿ ಎಂದ. ಓದಿದಳು. ಜನವರಿ ಒಂದು, ಅವರು ಆ ಕಂಪ್ಯೂಟರು ಕೊಂಡ ವರ್ಷ.

ಸುನಿಲ ನಿಟ್ಟುಸಿರು ಬಿಟ್ಟು ವಿವರಿಸಿದ. ಒಳಗೊಂದು ಬಿಲ್ಲೆಯಂಥ ಸೆಲ್ ಇರುತ್ತದೆ, ಕರೆಂಟಿಲ್ಲದಾಗ ಗಡಿಯಾರ ನಡೆಸುವುದು ಅದು. ಹಳೇ ಸೆಲ್, ಆರು ತಿಂಗಳು ಬೀಗ ಹಾಕಿದ ಕೋಣೆಯಲ್ಲಿ ಸತ್ತುಹೋಗಿದೆ. ಸಿಡಿಲಿಗೆ ಹೆದರಿ ಅವಳು ದಿನಾ ಸಂಜೆ ಪ್ಲಗ್ ಕೀಳುತ್ತಾಳೆ; ಬೆಳಿಗ್ಗೆ ಹಾಕಿದಾಗ ಯಂತ್ರ ಅದೇ ಹಳೇ ದಿನದ ನಡುರಾತ್ರಿಯಿಂದ ಶುರುಮಾಡುತ್ತದೆ. ಸೈಟುಗಳು ತೋರಿಸುವುದು ಈ ವರ್ಷದ ಗುರುತಿನ ಚೀಟಿ. ಆ ಯಂತ್ರದ ಲೆಕ್ಕದಲ್ಲಿ ಆ ಚೀಟಿ ಇನ್ನೂ ಹುಟ್ಟಿಯೇ ಇಲ್ಲ, ಅದಕ್ಕೇ ಎಲ್ಲರನ್ನೂ ಕಳ್ಳರೆನ್ನುತ್ತಿದೆ. ನಾಳೆ ಹೊಸ ಸೆಲ್ ತರುತ್ತೇನೆ ಎಂದ.

ಉಷಾರಾಣಿ ನಗುತ್ತಾ ಒಳಗೆ ಓಡಿ ಅತ್ತೆಗೆ ಎಲ್ಲ ಹೇಳಿದಳು. ವನಜಮ್ಮ ನಗಲಿಲ್ಲ. ಎದ್ದು, ಗೋಡೆ ಹಿಡಿದು ನಡೆದು, ಮಗ ಸತ್ತ ಮೇಲೆ ಮೊದಲ ಸಲ ಆ ಕೋಣೆಯೊಳಗೆ ಕಾಲಿಟ್ಟರು. ಗಿರಾಕಿಗಳ ಬೆಂಚಿನ ಮೇಲೆ ಕೂತು ಪರದೆಯ ಮೂಲೆಯನ್ನೇ ದಿಟ್ಟಿಸಿದರು.

"ಹಂಗಾರೆ ಇದ್ರ ಲೆಕ್ಕದಾಗೆ ನನ್ ಮಗ ಇನ್ನೂ ಬದ್ಕವ್ನೆ."

ಉಷಾರಾಣಿ ಪಕ್ಕದಲ್ಲಿ ಬಂದು ಕೂತಾಗ ವನಜಮ್ಮ ಅವಳ ಕೈ ಹಿಡಿದರು.

"ಸೆಲ್ ಹಾಕ್ಬ್ಯಾಡ ಕಣವ್ವ. ಒಂದು ಗಡಿಯಾರನಾದ್ರೂ ಹಂಗೇ ಇರ್ಲಿ."

ಉಷಾರಾಣಿ ಆ ರಾತ್ರಿ ನಿದ್ದೆ ಮಾಡಲಿಲ್ಲ. ಆಸೆ ಅವಳಿಗೂ ಇತ್ತು, ಅತ್ತೆಗಿಂತ ಹೆಚ್ಚೇ ಇತ್ತು. ಆದರೆ ಕೋಳಿ ಅಂಗಡಿ ಬಂದರೆ ಆ ಯಂತ್ರವೂ ಗುಜರಿಗೆ ಹೋಗುತ್ತದೆ. ಆಗ ಅವನು ಎಲ್ಲಿಯೂ ಇರುವುದಿಲ್ಲ.

ಸುನಿಲ ಬಂದು ಧೂಳು ಊದಿ ಸೆಲ್ ಕೂರಿಸಿದ. ತಾರೀಖು ತಾನೇ ಹಾಕುತ್ತೇನೆಂದಳು ಉಷಾರಾಣಿ. ವರ್ಷ ಸರಿಮಾಡಿ, ಜನವರಿಯಿಂದ ತಿಂಗಳುಗಳನ್ನು ಒಂದೊಂದಾಗಿ ಮುಂದಕ್ಕೆ ಒತ್ತುತ್ತಾ ಬಂದವಳು ಮಾರ್ಚಿಗೆ ಬಂದು ನಿಂತಳು. ಬಾಗಿಲಲ್ಲಿ ವನಜಮ್ಮ ನಿಂತಿದ್ದರು. ಬೆರಳು ಏಳಲೇ ಇಲ್ಲ. ನಾನು ಒತ್ತಲೇ ಎಂದು ಸುನಿಲ ಕೇಳಿದ. ಅವಳು ಬೇಡವೆಂದು ತಲೆಯಾಡಿಸಿ, ಕಣ್ಣು ಮುಚ್ಚಿ ಒತ್ತಿದಳು. ವನಜಮ್ಮ ಸೆರಗು ಬಾಯಿಗೆ ಹಿಡಿದು ಒಳಗೆ ಹೋದರು.

ಸೈಟುಗಳೆಲ್ಲ ತೆರೆದುಕೊಂಡವು. ತ್ರಿಕೋನವಿಲ್ಲ, ಎಚ್ಚರಿಕೆಯಿಲ್ಲ. ನಾಣಯ್ಯನವರ ಪಹಣಿ ಪ್ರಿಂಟಾಯಿತು. ಸುನಿಲ ಸಾಮಾನು ಕಟ್ಟಿಕೊಂಡು ಹೊರಟ. ಕೋಣೆ ಬರೀ ಕೋಣೆಯಾಗಿತ್ತು. ತಾನೇ ಕೈಯಾರೆ ಅವನನ್ನು ಕಳಿಸಿಕೊಟ್ಟೆನೆಂದು ಉಷಾರಾಣಿಗೆ ಸಂಕಟವಾಯಿತು.

ಮಧ್ಯಾಹ್ನ ಒಂದು ಗಂಟೆಗೆ ಕಂಪ್ಯೂಟರಿನಿಂದ ಟಿಣ್ ಟಿಣ್ ಎಂದು ಸದ್ದು ಬಂತು. ವರ್ಷಗಟ್ಟಲೆ ಅಡುಗೆಮನೆಯಿಂದ ಕೇಳಿದ್ದ ಸದ್ದು. ಪ್ರಿಂಟರಿನದೆಂದುಕೊಂಡಿದ್ದಳು. ಪರದೆಯ ಮೂಲೆಯಲ್ಲಿ ಪುಟ್ಟ ಚೌಕವೊಂದು ತೆರೆದುಕೊಂಡಿತು. ಪುಟ್ಟರಾಜು ದಿನಾ ಹೊಡೆಯಲೆಂದು ತನಗೇ ಇಟ್ಟುಕೊಂಡ ಅಲಾರಂ. ಅದರಲ್ಲಿ ಅವನದೇ ಮಾತು: "ಏಳೋ ಪುಟ್ಟ. ಉಷಾ ಉಣ್ಣದೆ ಕಾಯ್ತಾಳೆ."

ಅವನು ದಿನಾ ತಪ್ಪದೆ ಅದೇ ಹೊತ್ತಿಗೆ ಕೈ ಒರೆಸಿಕೊಳ್ಳುತ್ತಾ ಒಳಗೆ ಬರುತ್ತಿದ್ದ. ಹೊಟ್ಟೆಯಲ್ಲೇ ಗಡಿಯಾರ ಇಟ್ಟುಕೊಂಡ ಮನುಷ್ಯ ಎಂದು ಅವಳು ಅಣಕಿಸುತ್ತಿದ್ದಳು. ಅವನು ನಕ್ಕುಬಿಡುತ್ತಿದ್ದ. ಇಷ್ಟು ದಿನ ಈ ಮಾತು ಯಂತ್ರದೊಳಗೇ ಇತ್ತು. ಬೆಳಿಗ್ಗೆ ನಡುರಾತ್ರಿಯಿಂದ ಶುರುವಾಗಿ ಸಂಜೆಗೆ ಆರಿಹೋಗುತ್ತಿದ್ದ ಆ ಗಡಿಯಾರಕ್ಕೆ ಮಧ್ಯಾಹ್ನವೇ ಆಗಿರಲಿಲ್ಲ.

ಅಲಾರಂ ಅಳಿಸುವ ಗುಂಡಿಯೂ ಅಲ್ಲೇ ಇತ್ತು. ಅವಳು ಅದನ್ನು ಮುಟ್ಟಲಿಲ್ಲ. ಸದ್ದು ತಾನಾಗಿ ನಿಲ್ಲುವವರೆಗೂ ಕೂತಿದ್ದು, ಬಾಗಿಲು ಎಳೆದುಕೊಂಡು ಒಳಗೆ ಹೋದಳು.

ಅಡುಗೆಮನೆಯಲ್ಲಿ ವನಜಮ್ಮ ಮೂರು ತಟ್ಟೆ ಹಾಕಿ ಕೂತಿದ್ದರು. ಸದ್ದು ಕೇಳಿ ಕೈ ತಾನಾಗೇ ಇಟ್ಟಿತ್ತು. ಮೂರನೆಯದನ್ನು ಇಬ್ಬರೂ ತೆಗೆಯಲಿಲ್ಲ.

"ಕೂತ್ಕೊ ಬಾ," ಎಂದರು ವನಜಮ್ಮ. "ನಾನೂ ಉಂಡಿಲ್ಲ."