ಕೂರ್ಮಗಡದ ಮರೆಯಲ್ಲಿ

ಕಾರವಾರದ ಕೋಡಿಬಾಗದಲ್ಲಿ ಪ್ರವಾಸಿಗರ ದೋಣಿ ನಡೆಸುವ ರಾಜೇಶ್ವರಿಯನ್ನು ಊರಿಗೆ ಕರೆದೊಯ್ಯಲು ಮುನವಳ್ಳಿಯಿಂದ ತಾಯಿ ಸಾವಿತ್ರೆವ್ವ, ರಾಮದುರ್ಗದಿಂದ ಸೋದರಮಾವ ನಿಜಗುಣಪ್ಪ ಬಂದಿದ್ದರು. ಮಾವ ವರನನ್ನು ಗೊತ್ತು ಮಾಡಿದ್ದ. ಹುಡುಗಿಯನ್ನು ಮಾತ್ರ ಕೇಳಿರಲಿಲ್ಲ.

"ಮೊದಲ ದೋಣಿ ಹತ್ರಿ. ಆಮ್ಯಾಲೆ ಮಾತಾಡೂಣು," ಎಂದಳು ರಾಜೇಶ್ವರಿ. ಮಲಪ್ರಭೆಯ ಹಿನ್ನೀರಿನಲ್ಲಿ ಈಜು ಕಲಿತವಳು ಅವಳು. ಕೂರ್ಮಗಡ ದ್ವೀಪಕ್ಕೆ ಹೊರಟಿದ್ದ ಪ್ರವಾಸಿಗರ ನಡುವೆ ಇಬ್ಬರಿಗೂ ಜಾಕೀಟು ತೊಡಿಸಿ ಕೂರಿಸಿದಳು.

ಕಾಳಿ ನದಿ ಕಡಲು ಸೇರುವ ಅಳಿವೆಯತ್ತ ಸಾಗುವಾಗ ಬಲಕ್ಕೆ ಸದಾಶಿವಗಡದ ಗುಡ್ಡ ಕಂಡಿತು.

"ಹೊಲಾ ಮನಿ ಇದ್ದ ಲಿಂಗಾಯತರ ಹುಡುಗಿಗೆ ಈ ಉಪ್ಪುನೀರಿನ ಉಸಾಬರಿ ಯಾಕ?" ಎಂದ ನಿಜಗುಣಪ್ಪ.

"ಮಾಮಾ, ಆ ಗುಡ್ಡದ ಮ್ಯಾಲಿನ ಕ್ವಾಟಿ ಕಟ್ಟಿದ ಸೋದೆ ಅರಸರೂ ಲಿಂಗ ಕಟ್ಟಿದವ್ರ. ಇಲ್ಲೇ ಕುಂತು ಬಂದು ಹೋಗೂ ಹಡಗು ಕಾದಾರ. ಅವ್ರಿಗೆ ಇಲ್ಲದ ಉಪ್ಪುನೀರಿನ ಮೈಲಿಗಿ ನನಗ ಯಾಕ?"

ಮಾವ ಗುಡ್ಡದತ್ತ ನೋಡದೆ ಜಾಕೀಟಿನ ಪಟ್ಟಿ ಬಿಗಿದುಕೊಂಡ.

ದ್ವೀಪ ನೋಡಿ ಮರಳುವಾಗ ಪಡುವಣ ಗಾಳಿ ಎದ್ದಿತು. ಅಳಿವೆಯ ಮರಳುದಿಬ್ಬದ ಮೇಲೆ ತೆರೆಗಳು ಬೆಳ್ಳಗೆ ಒಡೆಯತೊಡಗಿದವು. ರಾಜೇಶ್ವರಿ ದೋಣಿಯನ್ನು ಹಿಂದಕ್ಕೆ ತಿರುಗಿಸಿ, ಗಾಳಿ ತಾಗದ ಕೂರ್ಮಗಡದ ಮರೆಗೆ ತಂದು ಲಂಗರು ಇಳಿಸಿದಳು.

"ದಂಡಿ ಕಣ್ಣಮುಂದ ಐತಿ! ಹೊಡಿ ದೋಣಿ!" ಎಂದು ನಿಜಗುಣಪ್ಪ ಕೂಗಿದ. ಉಳಿದವರೂ ದನಿಗೂಡಿಸಿದರು.

"ಗಾಳಿ ಇಳಿಯೂತನಕ ಇಲ್ಲೇ. ಆ ತೆರಿಯಾಗ ಹೊಕ್ಕರ ದೋಣಿ ಮಗಚತೈತಿ."

"ಹಿರ್ಯಾ ನಾ ಹೇಳಾಕತ್ತೇನಿ!"

"ಮನ್ಯಾಗ ನೀವು ಹಿರ್ಯಾರು. ದೋಣ್ಯಾಗ ನಾ."

ಅವನು ಸಿಟ್ಟಿನಿಂದ ಎದ್ದು ಲಂಗರಿನ ಹಗ್ಗಕ್ಕೆ ಕೈ ಹಾಕಿದ. ದೋಣಿ ಒಂದು ಕಡೆಗೆ ವಾಲಿತು.

"ಮಾಮಾ, ಕುಂಡರ್ರಿ!"

ಅಂಥ ಗದರಿಕೆಯನ್ನು ಅವನು ಯಾರ ಬಾಯಿಂದಲೂ ಕೇಳಿರಲಿಲ್ಲ. ಕುಳಿತುಬಿಟ್ಟ. ಮಗಳು ಲಂಗರಿನ ಹಗ್ಗವನ್ನು ಮತ್ತೆ ಬಿಗಿದು ಕಟ್ಟುವುದನ್ನು ಸಾವಿತ್ರೆವ್ವ ಕಣ್ಣು ಕೀಳದೆ ನೋಡಿದಳು.

ಸಂಜೆಯ ಹೊತ್ತಿಗೆ ತೆರೆ ತಗ್ಗಿತು. ಅಳಿವೆ ದಾಟಿ ದೋಣಿ ದಡದ ದಕ್ಕೆಗೆ ತಾಗಿದಾಗ ಪ್ರವಾಸಿಗರ ಹಿಂದೆ ನಿಜಗುಣಪ್ಪನೂ ಇಳಿದ.

"ಇಂಥಾ ಬಾಯಿ ಇದ್ದಾಕಿನ್ನ ಯಾರು ಮನಿ ತುಂಬಿಸಿಕೊಂತಾರ?" ಎಂದ.

"ಅದನ್ನ ಆ ವರಗೂ ಹೇಳಿಬಿಡ್ರಿ. ನಾ ಬರೂದಿಲ್ಲ."

ಅವನು ತಂಗಿಯತ್ತ ತಿರುಗಿದ. "ಏಳ ಸಾವಿತ್ರಿ, ಬಸ್ ತಪ್ಪತೈತಿ."

ಸಾವಿತ್ರೆವ್ವ ಜಾಕೀಟು ಬಿಚ್ಚದೆ ದೋಣಿಯಲ್ಲೇ ಕುಳಿತಿದ್ದಳು.

"ನೀ ಹೋಗಣ್ಣಾ. ನಾಳೆ ಮುಂಜಾನೆ ಅಕಿ ಮತ್ತ ಕಡಲಿಗೆ ಹೋಗ್ತಾಳಂತ. ನಾನೂ ಹೋಗಾಕಿ."